ವಾಹನ ಸಂದೇಹ: ಸಸ್ಪೆನ್ಷನ್ ರಿಪೇರಿಗೆ ಯಾವ ಲಾಕ್ ನಟ್?

ಮಳೆಗಾಲ ಮುಗಿದು ರಸ್ತೆಗಳಲ್ಲಿ ಗುಂಡಿಗಳು ಬಾಯಿ ತೆರೆದುಕೊಂಡಿರುವ ಈ ದಿನಗಳಲ್ಲಿ ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ಸಸ್ಪೆನ್ಷನ್‌ಗೆ ಸಂಬಂಧಿಸಿದವು. ಅವನ್ನು ಒಂದೊಂದಾಗಿ ಓದುತ್ತ ಹೋದಂತೆ ಬಹಳಷ್ಟು ತೊಂದರೆಗಳ ಬುಡದಲ್ಲಿ ಒಂದೇ ಸಣ್ಣ ವಸ್ತು ಕಾಣಿಸಿತು. ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್‌ಗಳಿಗೆ ಸಾವಿರಗಟ್ಟಲೆ ರೂಪಾಯಿ ಕೊಟ್ಟವರು ಅವನ್ನು ಹಿಡಿದಿಡುವ ನಟ್ ಯಾವುದೆಂದು ಕೇಳಿರಲಿಲ್ಲ. ಆದ್ದರಿಂದ ಈ ಬಾರಿಯ ಪುಟಗಳನ್ನೆಲ್ಲ ಲಾಕ್ ನಟ್‌ಗೆ, ಅಂದರೆ ತಾನಾಗಿ ಸಡಿಲವಾಗದಂತೆ ತಡೆಯಿರುವ ನಟ್‌ಗೆ, ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುತ್ತೇನೆ. ಮೂರು ತಿಂಗಳ ಹಿಂದೆ ಎರಡೂ ಬದಿಯ ಲೋಯರ್ ಆರ್ಮ್ ಬದಲಾಯಿಸಿದಾಗ ಗ್ಯಾರೇಜಿನವರು ಹಳೆಯ ನಟ್‌ಗಳನ್ನೇ ಮತ್ತೆ ಹಾಕಿದರು. ಈಗ ಹಂಪ್ ದಾಟುವಾಗ ಎಡಗಡೆ 'ಟಕ್' ಎಂದು ಸದ್ದು ಬರುತ್ತದೆ. ನೋಡಿದರೆ ಒಂದು ನಟ್ ಅರ್ಧ ಸುತ್ತು ಸಡಿಲವಾಗಿತ್ತು. ಅಂಗಡಿಯಲ್ಲಿ ಬಿಳಿ ಉಂಗುರದ್ದು, ನೀಲಿ ಉಂಗುರದ್ದು, ಅಗಲ ಬುಡದ್ದು, ಉಂಗುರವೇ ಇಲ್ಲದ್ದು ಎಂದು ನಾಲ್ಕೈದು ಬಗೆ ತೋರಿಸಿದರು. ಯಾವುದನ್ನು ಕೊಳ್ಳಬೇಕು? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ಮೊದಲನೆಯದಾಗಿ, ಆ ನಟ್ ಸರಿಯಾಗುವವರೆಗೆ ದಯವಿಟ್ಟು ಘಾಟಿ ಇಳಿಯಬೇಡಿ. ಲೋಯರ್ ಆರ್ಮ್ ಎಂದರೆ ಚಕ್ರವನ್ನು ಕಾರಿನ ಒಡಲಿಗೆ ಹಿಡಿದಿಟ್ಟಿರುವ ತೋಳು. ಅದರ ಬೋಲ್ಟ್ ಕಳಚಿದರೆ ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇದ್ದರೂ ಚಕ್ರ ನಿಮ್ಮ ಮಾತು ಕೇಳುವುದಿಲ್ಲ.

ನಟ್‌ನ 'ಲಾಕ್' ಭಾಗವೇ ಜೋಡಣೆಯನ್ನು ಹಿಡಿದಿಡುತ್ತದೆ ಎಂಬುದು ನಮ್ಮಲ್ಲಿ ಬಹಳ ಮಂದಿಯ ನಂಬಿಕೆ. ನಿಮ್ಮ ಗ್ಯಾರೇಜಿನವರೂ ಹಾಗೆಯೇ ಯೋಚಿಸಿರಬಹುದು. ನಟ್ ಬಿಗಿಯುತ್ತ ಹೋದಂತೆ ಬೋಲ್ಟ್ ಕೂದಲೆಳೆಯಷ್ಟು ಉದ್ದವಾಗುತ್ತದೆ. ಹಾಗೆ ಎಳೆದ ಬೋಲ್ಟ್ ಮತ್ತೆ ತನ್ನ ಅಳತೆಗೆ ಮರಳಲು ಹವಣಿಸುತ್ತದೆ, ಆ ಬಲವೇ ಬ್ರ್ಯಾಕೆಟ್ಟನ್ನೂ ಬುಷ್‌ನ ಒಳಗಿನ ಉಕ್ಕಿನ ಕೊಳವೆಯನ್ನೂ ಒಂದಕ್ಕೊಂದು ಅದುಮಿ ಹಿಡಿಯುತ್ತದೆ. 12 ಮಿ.ಮೀ. ಬೋಲ್ಟನ್ನು 100 ನ್ಯೂಟನ್ ಮೀಟರ್ ಟಾರ್ಕ್‌ಗೆ, ಅಂದರೆ ಅಷ್ಟು ತಿರುಚುಬಲಕ್ಕೆ, ಬಿಗಿದಾಗ ಹುಟ್ಟುವ ಈ ಅದುಮುಬಲ ಸುಮಾರು 40 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ ನಾಲ್ಕು ಟನ್ ಭಾರಕ್ಕೆ ಸಮ. ನಿಮ್ಮ ಇಡೀ ಕಾರು ತೂಗುವುದೇ ಒಂದು ಟನ್ ಆಸುಪಾಸು. ನೀವು ನೋಡಿದ ಬಿಳಿ, ನೀಲಿ ಉಂಗುರಗಳು ನೈಲಾನಿನವು. ಆ ಉಂಗುರವು ನಟ್ ತಿರುಗದಂತೆ ಒಡ್ಡುವ ತಡೆಯಾದರೋ ಕೆಲವೇ ನ್ಯೂಟನ್ ಮೀಟರ್‌ಗಳಷ್ಟು. ಬಿಗಿತವೇ ಮೊದಲ ಕಾವಲು. ಆ ಬಿಗಿತ ಯಾವುದೋ ಕಾರಣಕ್ಕೆ ಕಡಿಮೆಯಾದರೆ ನಟ್ ಪೂರ್ತಿ ಕಳಚಿ ಬೀಳದಂತೆ ತಡೆದು, ಸದ್ದಿನ ಮೂಲಕ ನಿಮ್ಮನ್ನು ಎಚ್ಚರಿಸುವಷ್ಟು ಕಾಲಾವಕಾಶ ಕೊಡುವುದು ಲಾಕ್‌ನ ಕೆಲಸ. ನಿಮ್ಮ ವಿಷಯದಲ್ಲಿ ಅದು ಆ ಕೆಲಸವನ್ನು ಮಾಡಿದೆ.

ಬೋಲ್ಟ್‌ನ ಉದ್ದಕ್ಕೆ ಬೀಳುವ ಹೊಡೆತಕ್ಕಿಂತ ಅದರ ಅಡ್ಡಕ್ಕೆ ಆಗುವ ಅಲುಗಾಟವೇ ನಟ್ಟನ್ನು ಬೇಗ ಸಡಿಲಿಸುತ್ತದೆ ಎಂಬುದನ್ನು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು. ಲೋಯರ್ ಆರ್ಮ್ ಮೇಲೆ ಬೀಳುವುದು ಬಹುಪಾಲು ಇಂಥ ಅಡ್ಡ ಬಲವೇ. ಬಿಗಿತ ಸಾಕಷ್ಟಿದ್ದರೆ ಮೇಲ್ಮೈಗಳು ಒಂದರ ಮೇಲೊಂದು ಜಾರುವುದಿಲ್ಲ, ಜಾರದಿದ್ದರೆ ನಟ್ ತಿರುಗುವುದಿಲ್ಲ. ಆದ್ದರಿಂದ ನಿಮ್ಮ ನಟ್ ಸಡಿಲವಾದದ್ದಕ್ಕೆ ಹಳೆಯ ನೈಲಾನ್ ಉಂಗುರವೊಂದನ್ನೇ ದೂರಲಾಗದು. ತಿರುಚುಬಲ ಅಳೆಯುವ ಟಾರ್ಕ್ ರೆಂಚ್ ಬಳಸದೆ ಅಂದಾಜಿನಲ್ಲಿ ಬಿಗಿದಿರಬಹುದು, ಇಲ್ಲವೆ ಬ್ರ್ಯಾಕೆಟ್‌ನ ಒಳಮೈಯ ತುಕ್ಕಿನ ಪದರ ಅಥವಾ ಹೊಸ ಆರ್ಮ್‌ನ ದಪ್ಪ ಬಣ್ಣ ಅದುಮಿಕೊಂಡು ತೆಳುವಾಗಿ ಬಿಗಿತವನ್ನು ನುಂಗಿರಬಹುದು. ಹೊಸ ನಟ್ ಹಾಕುವ ಮುನ್ನ ಆ ಮೇಲ್ಮೈಗಳನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ. ಬೋಲ್ಟನ್ನು ಹೊರತೆಗೆದು ನೋಡಿ. ಅದರ ನುಣುಪು ಭಾಗದಲ್ಲಿ ಸವೆದ ಮೆಟ್ಟಿಲಿನಂಥ ಗುರುತಿದ್ದರೆ ಬೋಲ್ಟನ್ನೂ ಬದಲಾಯಿಸಿ, ಬ್ರ್ಯಾಕೆಟ್‌ನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಯಾವ ನಟ್ ಹಾಕಿಯೂ ಪ್ರಯೋಜನವಿಲ್ಲ.

ಇನ್ನು ಆಯ್ಕೆಯ ಮಾತು. ವ್ಯಾಸ ಮತ್ತು ಥ್ರೆಡ್ ಸರಿಹೊಂದಬೇಕೆಂಬುದನ್ನು ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ. ಅದರ ಬೆನ್ನಿಗೇ ನೋಡಬೇಕಾದದ್ದು ಬಲದ ಗುರುತು. ಬೋಲ್ಟ್‌ನ ತಲೆಯ ಮೇಲೆ 8.8 ಎಂದಿದ್ದರೆ ಅದರ ಎಳೆತದ ಶಕ್ತಿ ಚದರ ಮಿಲಿಮೀಟರಿಗೆ 800 ನ್ಯೂಟನ್, 10.9 ಎಂದಿದ್ದರೆ 1,000 ನ್ಯೂಟನ್. ನಟ್‌ನ ಮೈಮೇಲೆ ಇದಕ್ಕೆ ಹೊಂದುವ ಅಂಕಿ ಇರಬೇಕು: 8.8 ಬೋಲ್ಟ್‌ಗೆ ಕನಿಷ್ಠ 8, 10.9 ಬೋಲ್ಟ್‌ಗೆ ಕನಿಷ್ಠ 10. ಲೋಯರ್ ಆರ್ಮ್‌ನಲ್ಲಿ 10.9 ಸಾಮಾನ್ಯ. ಅಂಕಿಯೇ ಇಲ್ಲದ ನಟ್ ಮನೆಯ ಗೇಟಿಗೋ ಕಪಾಟಿಗೋ ಇರಲಿ, ಸಸ್ಪೆನ್ಷನ್‌ಗೆ ಬೇಡ. ಉಂಗುರ ಬಿಳಿಯೋ ನೀಲಿಯೋ ಎಂಬುದು ಬಲದ ಗುರುತಲ್ಲ. ನೈಲಾನ್ ನಟ್‌ಗಳಲ್ಲಿ ತೆಳ್ಳಗಿನವೂ ಇವೆ, ಪೂರ್ಣ ಎತ್ತರದವೂ ಇವೆ. ಉಂಗುರವನ್ನು ಬಿಟ್ಟು ಉಳಿದ ಲೋಹದ ಭಾಗವಷ್ಟೇ ಭಾರ ಹೊರುವುದರಿಂದ ಹಳೆಯ ನಟ್‌ನ ಪಕ್ಕದಲ್ಲಿಟ್ಟು ಎತ್ತರವನ್ನು ಹೋಲಿಸಿಯೇ ಕೊಳ್ಳಬೇಕು. ಐಎಸ್ಒ 7040 ಎಂಬುದು ಪೂರ್ಣ ಎತ್ತರದ ನೈಲಾನ್ ನಟ್‌ನ ಮಾನಕ, 10511 ತೆಳ್ಳಗಿನದರದು. ಕಂಪನಿ ಅಗಲ ಬುಡದ ಫ್ಲ್ಯಾಂಜ್ ನಟ್ ಕೊಟ್ಟಿದ್ದರೆ ಅದರ ಜಾಗಕ್ಕೆ ಸಾದಾ ನಟ್ ಹಾಕಬೇಡಿ. ಆ ಅಗಲವಾದ ಬುಡ ನಾಲ್ಕು ಟನ್ ಒತ್ತಡವನ್ನು ಹರಡುತ್ತದೆ, ಇಲ್ಲದಿದ್ದರೆ ಬ್ರ್ಯಾಕೆಟ್‌ನ ತಗಡು ಕುಸಿದು ಬಿಗಿತ ಇಳಿಯುತ್ತದೆ.

ಉಂಗುರವಿಲ್ಲದ ಲಾಕ್ ನಟ್ ಎಂದು ನಿಮಗೆ ತೋರಿಸಿದ್ದು ಪೂರ್ತಿ ಲೋಹದ ನಟ್ ಇರಬೇಕು. ಅದರ ತಲೆಭಾಗವನ್ನು ಕಾರ್ಖಾನೆಯಲ್ಲೇ ಎರಡು ಮೂರು ಕಡೆ ಒತ್ತಿ ಸ್ವಲ್ಪ ಅಂಡಾಕಾರ ಮಾಡಿರುತ್ತಾರೆ, ಅಲ್ಲಿ ಬೋಲ್ಟ್‌ನ ಥ್ರೆಡ್ ಬಿಗಿಯಾಗಿ ಹಿಡಿಯುತ್ತದೆ. ನೈಲಾನ್ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾತ್ರ ಸೂಕ್ತ. ಆಗುಂಬೆಯ ತಿರುವುಗಳಲ್ಲಿ ಬ್ರೇಕ್ ಒತ್ತುತ್ತ ಇಳಿಯುವಾಗ ಡಿಸ್ಕ್ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ, ಆ ಬಿಸಿ ಪಕ್ಕದ ನಕಲ್‌ಗೂ (ಚಕ್ರವನ್ನು ಹೊತ್ತಿರುವ ಲೋಹದ ಭಾಗ) ಹರಿಯುತ್ತದೆ. ಹೀಗಾಗಿ ಡಿಸ್ಕ್ ಮತ್ತು ಸೈಲೆನ್ಸರ್ ಕೊಳವೆಯ ಹತ್ತಿರ ಕಂಪನಿ ಪೂರ್ತಿ ಲೋಹದ ನಟ್ ಕೊಟ್ಟಿದ್ದಲ್ಲಿ ನೈಲಾನ್ ಹಾಕಿ ಬದಲಿಸಬಾರದು. ಆರ್ಮ್‌ನ ಒಳತುದಿಯ ಬುಷ್ ಬೋಲ್ಟ್‌ಗಳು ಬಿಸಿಯಿಂದ ದೂರವಿರುವುದರಿಂದ ಅಲ್ಲಿ ನೈಲಾನ್ ನಟ್‌ಗೆ ಅಡ್ಡಿಯಿಲ್ಲ, ಮೂಲದಲ್ಲಿ ಅದೇ ಇದ್ದರೆ.

ಇಷ್ಟೆಲ್ಲ ಪರೀಕ್ಷಿಸುವುದು ಕಷ್ಟವೆನಿಸಿದರೆ ಕಾರಿನ ಚಾಸಿ ನಂಬರ್ ಕೊಟ್ಟು ಕಂಪನಿಯ ಬಿಡಿಭಾಗಗಳ ಕೌಂಟರಿನಲ್ಲೇ ನಟ್ ಕೇಳಿ. ಲೋಯರ್ ಆರ್ಮ್‌ಗೆ ಕೊಟ್ಟ ಹಣದ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಪ್ರಶ್ನೆ: ಹಳೆಯ ನಟ್ ಬಿಚ್ಚಲು 17ರ ಸ್ಪ್ಯಾನರ್ ಬೇಕಾಯಿತು. ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ "17ರ ನೈಲಾಕ್ ನಟ್" (ನೈಲಾನ್ ಉಂಗುರದ ಲಾಕ್ ನಟ್) ಎಂದು ಕೇಳಿ ತಂದೆ. ಬೋಲ್ಟ್‌ಗೆ ಅದು ಹಿಡಿಯಲೇ ಇಲ್ಲ. ಎರಡನೆಯ ಸಲ ತಂದದ್ದು ಎರಡು ಸುತ್ತು ಹೋಗಿ ನಿಂತಿತು. ತಪ್ಪು ಎಲ್ಲಿ? (ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು)

ಉತ್ತರ: ಸ್ಪ್ಯಾನರ್‌ನ ಅಳತೆ ನಟ್‌ನ ಹೊರಮೈಯದು, ಥ್ರೆಡ್‌ನ ಅಳತೆ ಒಳತೂತಿನದು. ಹಳೆಯ ಜರ್ಮನ್ ಡಿಐಎನ್ ಮಾನಕದಲ್ಲಿ 10 ಮಿ.ಮೀ. ನಟ್‌ಗೆ 17ರ ಸ್ಪ್ಯಾನರ್, ಇಂದಿನ ಐಎಸ್ಒ ಮಾನಕದಲ್ಲಿ 16ರದು, ಜಪಾನಿ ಮೂಲದ ಕಾರುಗಳಲ್ಲಿ ಸಾಮಾನ್ಯವಾಗಿ 14ರದು. ಅದೇ ಜಪಾನಿ ಕಾರಿನ 12 ಮಿ.ಮೀ. ನಟ್‌ಗೆ 17ರ ಸ್ಪ್ಯಾನರ್ ಕೂರುತ್ತದೆ. ಹೀಗೆ ಒಂದೇ ಸ್ಪ್ಯಾನರ್‌ಗೆ ಎರಡು ಬೇರೆ ಬೇರೆ ವ್ಯಾಸದ ನಟ್‌ಗಳು ಒಗ್ಗುತ್ತವೆ. ಮೊದಲ ಸಲ ನಿಮಗೆ ಸಿಕ್ಕಿದ್ದು ಬಹುಶಃ 10 ಮಿ.ಮೀ. ನಟ್.

ಎರಡನೆಯ ಸಲ ಆದದ್ದು ಪಿಚ್‌ನ, ಅಂದರೆ ಥ್ರೆಡ್‌ಗಳ ಅಂತರದ, ತಪ್ಪು, ಮತ್ತು ಇದು ಹೆಚ್ಚು ಅಪಾಯಕಾರಿ. 12 ಮಿ.ಮೀ. ಬೋಲ್ಟ್‌ಗಳಲ್ಲಿ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ 1.75, 1.5 ಅಥವಾ 1.25 ಮಿ.ಮೀ. ಆಗಿರಬಹುದು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 1.75ರ ದಪ್ಪ ಥ್ರೆಡ್, ಕಾರಿನ ಸಸ್ಪೆನ್ಷನ್‌ನಲ್ಲಿ ಹೆಚ್ಚಾಗಿ ಇರುವುದು 1.25 ಅಥವಾ 1.5ರ ಸಣ್ಣ ಥ್ರೆಡ್. ಈ ಎರಡು ಸಣ್ಣ ಥ್ರೆಡ್‌ಗಳ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ.

ನೈಲಾನ್ ಉಂಗುರ ಇರುವುದು ನಟ್‌ನ ಹೊರತುದಿಯಲ್ಲಿ. ಆದ್ದರಿಂದ ನಟ್ ಹಿಡಿಸಿದಾಗ ಮೊದಲಿಗೆ ಬರಿಯ ಲೋಹದ ಥ್ರೆಡ್ ಸೇರಿಕೊಂಡು, ಹಲವು ಸುತ್ತು ಬೆರಳಿನಿಂದಲೇ ಸಲೀಸಾಗಿ ಓಡಬೇಕು. ಬೋಲ್ಟ್‌ನ ತುದಿ ಉಂಗುರವನ್ನು ಮುಟ್ಟಿದ ಮೇಲಷ್ಟೇ ಬಿಗಿಯಾಗಬೇಕು. ಎರಡನೇ ಸುತ್ತಿಗೇ ನಿಂತಿತೆಂದರೆ, ಬೋಲ್ಟ್‌ನ ತುದಿ ಇನ್ನೂ ಉಂಗುರ ತಲುಪಿಲ್ಲವೆಂಬುದನ್ನು ಕಣ್ಣಾರೆ ನೋಡಿ, ಆ ತಡೆ ಲಾಕ್‌ನದಲ್ಲ, ಪಿಚ್‌ನದು ಎಂದು ತಿಳಿಯಿರಿ. ಅನೇಕರು ಇದನ್ನು "ಲಾಕ್ ನಟ್ ಅಲ್ಲವೇ, ಬಿಗಿಯಾಗಿಯೇ ಇರುತ್ತದೆ" ಎಂದುಕೊಂಡು ಏರ್ ಗನ್ (ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಸಾಧನ) ಹಿಡಿಯುತ್ತಾರೆ. ಗನ್ ಆ ನಟ್ಟನ್ನು ಕೊನೆಯವರೆಗೂ ತಿರುಗಿಸಿಬಿಡುತ್ತದೆ, ಒಳಗೆ ಎರಡೂ ಥ್ರೆಡ್‌ಗಳು ಕೊಚ್ಚಿಹೋಗಿರುತ್ತವೆ, ಹೊರಗಿನಿಂದ ಮಾತ್ರ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ನೀವು ನಿಲ್ಲಿಸಿ ಪತ್ರ ಬರೆದದ್ದು ಒಳ್ಳೆಯದಾಯಿತು. ಬೋಲ್ಟನ್ನೇ ಅಂಗಡಿಗೆ ಒಯ್ಯಿರಿ ಅಥವಾ ಒಂದು ಪಿಚ್ ಗೇಜ್ ಕೊಂಡುಕೊಳ್ಳಿ. ಎಸ್.ಜೆ.ಪಿ. ರಸ್ತೆಗಿಂತ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಸಣ್ಣ ಥ್ರೆಡ್‌ನ ನಟ್ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ನಾನು ಹನ್ನೆರಡು ವರ್ಷಗಳಿಂದ ಮೆಕ್ಯಾನಿಕ್. ನೈಲಾಕ್ ನಟ್ ಒಂದೇ ಸಲ ಬಳಸಬೇಕು ಎಂದು ಕಂಪನಿಯವರು ಹೇಳುತ್ತಾರೆ. ಗಿರಾಕಿಗಳು ನಟ್‌ಗೂ ದುಡ್ಡು ಕೇಳಿದರೆ ಮುಖ ಸಿಂಡರಿಸುತ್ತಾರೆ. ನಿಜವಾಗಿಯೂ ಪ್ರತಿ ಸಲ ಬದಲಾಯಿಸಬೇಕೆ? ಕ್ಯಾಸಲ್ ನಟ್‌ಗೂ ಇದೇ ನಿಯಮವೆ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಸಸ್ಪೆನ್ಷನ್ ಮತ್ತು ಸ್ಟೀರಿಂಗ್‌ನಲ್ಲಿ ಪ್ರತಿ ಸಲವೂ ಬದಲಾಯಿಸಿ ಎಂದೇ ನನ್ನ ಉತ್ತರ. ನೈಲಾಕ್ ನಟ್ ಎರಡನೇ ಸಲಕ್ಕೆ ತಕ್ಷಣ ಸತ್ತುಹೋಗುತ್ತದೆ ಎಂದಲ್ಲ. ಇಂಥ ನಟ್‌ಗಳ ಮಾನಕ ಪರೀಕ್ಷೆಯಲ್ಲಿ ಐದನೇ ಸಲ ಬಿಚ್ಚುವಾಗಲೂ ಅದು ಇಂತಿಷ್ಟು ತಡೆ ಒಡ್ಡಬೇಕೆಂಬ ಷರತ್ತೇ ಇದೆ. ಆದರೆ ಆ ಪರೀಕ್ಷೆ ನಡೆಯುವುದು ಶುಭ್ರವಾದ ಹೊಸ ಬೋಲ್ಟ್ ಮೇಲೆ. ನಿಮ್ಮ ಕೈಗೆ ಬರುವುದು ಐದಾರು ವರ್ಷ ಕೆಸರು, ಮರಳು, ತುಕ್ಕು ಕಂಡ ಬೋಲ್ಟ್. ಅದರ ಒರಟು ಥ್ರೆಡ್ ಮೇಲೆ ಉಂಗುರ ಹಾದುಬರುವಾಗ ನೈಲಾನ್ ಅರವಿಟ್ಟಂತೆ ಸವೆಯುತ್ತದೆ.

ಇದನ್ನು ನಾನು ನನ್ನ ಸ್ವಂತ ಕಾರಿನಲ್ಲೇ ಕಲಿತೆ. ಸ್ಟೆಬಿಲೈಜರ್ ಬಾರ್‌ನ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಲಿಂಕ್ ರಾಡ್ ಬದಲಾಯಿಸಿದಾಗ ಹೊಸ ರಾಡ್‌ನ ಜೊತೆಗೆ ಬಂದಿದ್ದ ಎರಡು ನಟ್‌ಗಳಲ್ಲಿ ಒಂದು ಕೈಜಾರಿ ಎಲ್ಲೋ ಉರುಳಿಹೋಯಿತು. ಕತ್ತಲಾಗುತ್ತಿದ್ದುದರಿಂದ ಹಳೆಯದನ್ನೇ ಹಾಕಿದೆ. ಮೂರನೆಯ ವಾರ ಶಿರಾಡಿ ಘಾಟಿಯಲ್ಲಿ ಸದ್ದು ಶುರುವಾಯಿತು. ಬದಿಗೆ ನಿಲ್ಲಿಸಿ ಚಕ್ರವನ್ನು ತಿರುಗಿಸಿ ಟಾರ್ಚ್ ಬಿಟ್ಟು ನೋಡಿದರೆ ನಟ್ ಕೊನೆಯ ಎರಡು ಥ್ರೆಡ್‌ಗಳ ಮೇಲೆ ನೇತಾಡುತ್ತಿತ್ತು. ಬೆರಳಿನಿಂದ ತಿರುಗಿಸಿದೊಡನೆ ಕೈಗೇ ಬಂತು. ಒಳಗೆ ಉಂಗುರದ ಅಂಚು ಪೂರ್ತಿ ನುಣುಪಾಗಿತ್ತು, ಸ್ಟಡ್‌ನ (ರಾಡ್‌ನ ತುದಿಯಲ್ಲಿ ನಟ್ ಕೂರುವ ಥ್ರೆಡ್ ಕಡ್ಡಿ) ಥ್ರೆಡ್‌ಗಳ ಸಂದಿಯಲ್ಲಿ ತೆಂಗಿನ ತುರಿಯಂತೆ ಬಿಳಿಯ ಎಳೆಗಳು ಸಿಕ್ಕಿಕೊಂಡಿದ್ದವು. ಪುಣ್ಯಕ್ಕೆ ಅದು ಲಿಂಕ್ ರಾಡ್ ಆಗಿತ್ತು, ಚಕ್ರವನ್ನು ಆರ್ಮ್‌ಗೆ ಸೇರಿಸುವ ಬಾಲ್ ಜಾಯಿಂಟ್ ಆಗಿರಲಿಲ್ಲ. ಆ ದಿನದಿಂದ ಹಳೆಯ ನೈಲಾಕ್ ನಟ್ ಬಿಚ್ಚಿದ ಕೂಡಲೇ ಬೇರೆ ಡಬ್ಬಕ್ಕೆ ಹಾಕುತ್ತೇನೆ, ಮತ್ತೆ ಕೈಗೆ ಸಿಗಬಾರದೆಂದು.

ಗಿರಾಕಿಗೆ ಮನವರಿಕೆ ಮಾಡಲು ಒಂದು ಸರಳ ದಾರಿಯಿದೆ. ಬಿಚ್ಚಿದ ನಟ್ಟನ್ನು ಅವರ ಕೈಗೇ ಕೊಟ್ಟು ಒಂದು ಹೊಸ ಬೋಲ್ಟ್ ಮೇಲೆ ಬೆರಳಿನಿಂದ ತಿರುಗಿಸಲು ಹೇಳಿ. ಉಂಗುರವನ್ನು ದಾಟಿ ಬೆರಳಿನಿಂದಲೇ ಹೊರಟುಹೋದರೆ ಅದರಲ್ಲಿ ಲಾಕ್ ಉಳಿದಿಲ್ಲ ಎಂದು ಅವರಿಗೇ ತಿಳಿಯುತ್ತದೆ. ಹೊಸ ನಟ್ ಹಾಕಿದಾಗಲೂ ಬೋಲ್ಟ್‌ನ ತುದಿ ಉಂಗುರದಿಂದ ಎರಡು ಥ್ರೆಡ್‌ನಷ್ಟಾದರೂ ಹೊರಬಂದಿದೆಯೇ ಎಂದು ನೋಡಿ. ಬರದಿದ್ದರೆ ನೈಲಾನ್ ಬೋಲ್ಟನ್ನು ಪೂರ್ತಿ ಹಿಡಿದಿದೆ ಎನ್ನಲಾಗದು.

ಕೋಟೆಯ ತೆನೆಯಂತೆ ತಲೆಯಲ್ಲಿ ಕಚ್ಚುಗಳಿರುವ ಕ್ಯಾಸಲ್ ನಟ್‌ನ ವಿಷಯ ಬೇರೆ. ಅದರಲ್ಲಿ ತಡೆ ಒಡ್ಡುವುದು ಆ ಕಚ್ಚು ಮತ್ತು ಬೋಲ್ಟ್‌ನ ತೂತಿನ ಮೂಲಕ ಹಾಯುವ ಕಾಟರ್ ಪಿನ್, ಆದ್ದರಿಂದ ಥ್ರೆಡ್ ಚೆನ್ನಾಗಿದ್ದರೆ ಮತ್ತು ಕಂಪನಿಯ ಪುಸ್ತಕ ಬೇಡವೆನ್ನದಿದ್ದರೆ ನಟ್ ಮತ್ತೆ ಬಳಸಬಹುದು. ಪಿನ್ ಮಾತ್ರ ಪ್ರತಿ ಸಲ ಹೊಸದು, ತೂತಿನ ತುಂಬ ಕೂರುವ ದಪ್ಪದ್ದು. ಹಳೆಯ ಪಿನ್ ನೆಟ್ಟಗೆ ಮಾಡಿ ಮತ್ತೆ ಬಾಗಿಸಿದರೆ ಮಡಿಕೆಯಲ್ಲೇ ಮುರಿಯುತ್ತದೆ. ಪಿನ್‌ನ ತೂತು ನಟ್‌ನ ಕಚ್ಚಿಗೆ ಎದುರಾಗದಿದ್ದಾಗ ನಟ್ಟನ್ನು ತುಸು ಹಿಂದಕ್ಕೆ ಸಡಿಲಿಸಿ ಪಿನ್ ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ, ದಯವಿಟ್ಟು ಅದನ್ನು ಬಿಡಿಸಿ. ಹೇಳಿದ ಟಾರ್ಕ್‌ಗೆ ಬಿಗಿದು, ಕಚ್ಚು ಎದುರಾಗುವವರೆಗೆ ಮುಂದಕ್ಕೇ ತಿರುಗಿಸಬೇಕು. ಆರು ಕಚ್ಚುಗಳ ನಟ್‌ನಲ್ಲಿ ಅದು 60 ಡಿಗ್ರಿಗಿಂತ ಹೆಚ್ಚಾಗುವುದಿಲ್ಲ. ಬಾಲ್ ಜಾಯಿಂಟ್‌ನ ಇಳಿಜಾರು ಸ್ಟಡ್‌ಗೆ ಗ್ರೀಸ್ ಸವರಬೇಡಿ, ಅದು ಒಣಗಿ ಶುಭ್ರವಾಗಿದ್ದರೆ ಮಾತ್ರ ತನ್ನ ಗೂಡಿನಲ್ಲಿ ಕಚ್ಚಿ ಕೂರುತ್ತದೆ. ನಟ್ ಜೊತೆಗೆ ಸ್ಟಡ್ಡೂ ತಿರುಗುತ್ತಿದ್ದರೆ ಕೆಳಗಿನಿಂದ ಜಾಕ್ ಒತ್ತಿ ಸ್ಟಡ್ಡನ್ನು ಗೂಡಿಗೆ ಕೂರಿಸಿಕೊಂಡು ಬಿಗಿಯಿರಿ.

ಪ್ರಶ್ನೆ: ಸಮುದ್ರದ ಗಾಳಿಗೆ ನಮ್ಮಲ್ಲಿ ಎಲ್ಲಕ್ಕೂ ತುಕ್ಕು. ಸಸ್ಪೆನ್ಷನ್‌ನ ನಟ್ ಬೋಲ್ಟ್‌ಗಳನ್ನೆಲ್ಲ ಸ್ಟೇನ್‌ಲೆಸ್ ಸ್ಟೀಲ್‌ಗೆ ಬದಲಾಯಿಸಿದರೆ ಹೇಗೆ? (ಓದುಗರೊಬ್ಬರು, ಸುರತ್ಕಲ್)

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಈ ಉಪಾಯ ಬೇಡ. ಅಂಗಡಿಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟ್‌ನ ಎಳೆತದ ಶಕ್ತಿ ಚದರ ಮಿಲಿಮೀಟರಿಗೆ 700 ನ್ಯೂಟನ್, ಮತ್ತು ಅದು 450 ನ್ಯೂಟನ್ ದಾಟಿದೊಡನೆ ಶಾಶ್ವತವಾಗಿ ಹಿಗ್ಗತೊಡಗುತ್ತದೆ. 10.9 ಬೋಲ್ಟ್ ಸುಮಾರು 900 ನ್ಯೂಟನ್‌ವರೆಗೆ ತಡೆಯುತ್ತದೆ. ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿದರೆ ಸ್ಟೇನ್‌ಲೆಸ್ ಬೋಲ್ಟ್ ಎಳೆದುಹೋಗುತ್ತದೆ, ಕಡಿಮೆ ಬಿಗಿದರೆ ಅದುಮುಬಲ ಸಾಲುವುದಿಲ್ಲ. ಸಮುದ್ರದ ಉಪ್ಪಿಗೆ ಹೆಚ್ಚು ತಾಳುವ ಎ4 ಜಾತಿಯದನ್ನು ತಂದರೂ ಎ4-70ರ ಬಲ ಇಷ್ಟೇ. ಇನ್ನೊಂದು ತೊಡಕು: ಸ್ಟೇನ್‌ಲೆಸ್ ಬೋಲ್ಟ್ ಮೇಲೆ ಸ್ಟೇನ್‌ಲೆಸ್ ನೈಲಾಕ್ ನಟ್ಟನ್ನು ವೇಗವಾಗಿ ಓಡಿಸಿದರೆ ಉಜ್ಜಾಟದಿಂದ ಥ್ರೆಡ್‌ಗಳು ಒಂದಕ್ಕೊಂದು ಬೆಸೆದುಕೊಂಡು ಅರ್ಧದಲ್ಲೇ ನಿಂತುಬಿಡುತ್ತವೆ. ಆಮೇಲೆ ಕತ್ತರಿಸುವುದೊಂದೇ ದಾರಿ.

ಮಂದವಾದ ಬೂದು ಬೆಳ್ಳಿಬಣ್ಣದ ಜಿಂಕ್ ಫ್ಲೇಕ್ ಲೇಪನದ ನಟ್‌ಗಳನ್ನು ಕೇಳಿ ಪಡೆಯಿರಿ, ಹೊಳೆಯುವ ತೆಳು ಜಿಂಕ್ ಲೇಪನಕ್ಕಿಂತ ಅವು ಉಪ್ಪುಗಾಳಿಗೆ ಬಹಳ ಹೆಚ್ಚು ಕಾಲ ಬಾಳುತ್ತವೆ. ಬಿಗಿದಾದ ಮೇಲೆ, ಹೊರಗೆ ಕಾಣುವ ಥ್ರೆಡ್‌ಗೆ ಮಾತ್ರ, ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸಿ. ಬಿಗಿಯುವ ಮುನ್ನ ಬೇಡ, ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮಾಮೂಲಿ ನಟ್‌ಗೆ ಸ್ಪ್ರಿಂಗ್ ವಾಷರ್ ಹಾಕಿ, ಮೇಲೆ ಥ್ರೆಡ್ ಲಾಕ್ ಅಂಟನ್ನು ಸವರಿದರೆ ಲಾಕ್ ನಟ್‌ಗೆ ಸಮವಲ್ಲವೆ? ನಮ್ಮ ತಂದೆಯವರು ಎಲ್ಲ ಬೋಲ್ಟ್‌ಗೂ ಗ್ರೀಸ್ ಹಚ್ಚಿ ಬಿಗಿಯಬೇಕು ಎನ್ನುತ್ತಿದ್ದರು. (ಓದುಗರೊಬ್ಬರು, ಮೈಸೂರು)

ಉತ್ತರ: ಸ್ಪ್ರಿಂಗ್ ವಾಷರ್ ಬೋಲ್ಟ್‌ನ ಅದುಮುಬಲದ ಒಂದು ಸಣ್ಣ ಪಾಲಿಗೇ ಚಪ್ಪಟೆಯಾಗಿ ಸಾದಾ ವಾಷರ್ ಆಗಿಬಿಡುತ್ತದೆ. ಟನ್‌ಗಟ್ಟಲೆ ಅದುಮುಬಲವಿರುವ ಜೋಡಣೆಯಲ್ಲಿ ಅದರ ಸ್ಪ್ರಿಂಗ್‌ಗೆ ಮಾಡಲು ಏನೂ ಉಳಿದಿರುವುದಿಲ್ಲ, ಅಡ್ಡ ಅಲುಗಾಟದ ಪರೀಕ್ಷೆಗಳಲ್ಲಿ ಅದು ನಟ್ ಸಡಿಲವಾಗುವುದನ್ನು ತಡೆಯುವುದಿಲ್ಲ. ಮೂಲದಲ್ಲಿ ಇಲ್ಲದ ಕಡೆ ಸೇರಿಸಿದರೆ ಬೋಲ್ಟ್‌ನ ಉದ್ದವೂ ಸಾಲದೆ ಬರುತ್ತದೆ.

ಥ್ರೆಡ್ ಲಾಕ್ ಅಂಟು ನಿಜವಾದ ಉಪಯೋಗವುಳ್ಳದ್ದು. ಗಾಳಿಯಿಲ್ಲದ ಸಂದಿಯಲ್ಲಿ, ಲೋಹದ ಸಂಪರ್ಕದಲ್ಲಿ ಅದು ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ನೀಲಿ ಬಣ್ಣದ್ದನ್ನು ಸ್ಪ್ಯಾನರ್‌ನಿಂದ ಬಿಚ್ಚಬಹುದು, ಕೆಂಪಿನದಕ್ಕೆ ಚೆನ್ನಾಗಿ ಕಾಯಿಸಬೇಕು. ಆದರೆ ಥ್ರೆಡ್ ಎಣ್ಣೆಯಿಲ್ಲದೆ ಶುಭ್ರವಾಗಿರಬೇಕು, ಗಟ್ಟಿಯಾಗಲು ಸಮಯ ಕೊಡಬೇಕು. ಹಳೆಯ ಕಾರಿನ ಕೆಳಗೆ ಮಲಗಿ ಇದೆರಡನ್ನೂ ಪಾಲಿಸುವುದು ಕಷ್ಟ. ಕಂಪನಿ ಹೇಳಿದ ಜಾಗದಲ್ಲಿ ಬಳಸಿ, ನೈಲಾಕ್ ನಟ್‌ನ ಬದಲಿಗೆ ಬೇಡ. ನೈಲಾನ್ ಉಂಗುರದ ಮೇಲೆಯೂ ಸವರಬೇಡಿ.

ತಂದೆಯವರ ಮಾತು ಟಾರ್ಕ್ ರೆಂಚ್ ಇಲ್ಲದ ಕಾಲದ್ದು, ತುಕ್ಕು ಹಿಡಿಯದಿರಲೆಂಬ ಕಾಳಜಿಯದು. ನಾವು ನಟ್ ಬಿಗಿಯಲು ಹಾಕುವ ಶ್ರಮದಲ್ಲಿ ಸುಮಾರು ಅರ್ಧ ನಟ್‌ನ ಬುಡದ ಉಜ್ಜಾಟಕ್ಕೆ, ಶೇಕಡ 40ರಷ್ಟು ಥ್ರೆಡ್‌ನ ಉಜ್ಜಾಟಕ್ಕೆ ಹೋಗಿ, ಬೋಲ್ಟನ್ನು ಎಳೆಯುವುದು ಉಳಿದ ಹತ್ತನೇ ಒಂದು ಪಾಲು ಮಾತ್ರ. ಗ್ರೀಸ್ ಹಚ್ಚಿ ಉಜ್ಜಾಟ ಕಡಿಮೆ ಮಾಡಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಮೇಲಿನ ಎಳೆತ ಬಹಳ ಹೆಚ್ಚುತ್ತದೆ. ಆದ್ದರಿಂದ ಪುಸ್ತಕದಲ್ಲಿ ಎಣ್ಣೆ ಹಚ್ಚಿ ಎಂದಿಲ್ಲದಿದ್ದರೆ ಒಣಗಿಸಿಯೇ ಬಿಗಿಯಿರಿ. ಇನ್ನು ಟಾರ್ಕ್ ರೆಂಚ್‌ನ ಮಾನವನ್ನೂ ಗಮನಿಸಿ: ಕೆಲವು ಪುಸ್ತಕಗಳು ಕೆಜಿ ಮೀಟರ್ ಎಂದು ಕೊಡುತ್ತವೆ, ಒಂದು ಕೆಜಿ ಮೀಟರ್ ಎಂದರೆ 9.8 ನ್ಯೂಟನ್ ಮೀಟರ್.

ಪ್ರಶ್ನೆ: ಕಾರಿನ ಚಕ್ರ ಕಳುವಾಗದಂತೆ ಹಾಕುವ ಲಾಕ್ ನಟ್‌ಗಳನ್ನೇ ಸಸ್ಪೆನ್ಷನ್‌ಗೂ ಹಾಕಬಹುದೆ? (ಓದುಗರೊಬ್ಬರು, ಕಲಬುರಗಿ)

ಉತ್ತರ: ಹೆಸರು ಒಂದೇ, ವಸ್ತು ಬೇರೆ. ಅವು ವಿಶೇಷ ಕೀಲಿಯಿಂದ ಮಾತ್ರ ಬಿಚ್ಚಿಕೊಳ್ಳುವ ಚಕ್ರದ ನಟ್‌ಗಳು, ಅಲುಗಾಟಕ್ಕೆ ಸಡಿಲವಾಗದಂತೆ ತಡೆಯುವ ಯಾವ ವ್ಯವಸ್ಥೆಯೂ ಅವುಗಳಲ್ಲಿಲ್ಲ. ಹಾಕಬಾರದು.

ಪ್ರಶ್ನೆ: ಇಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ. ಲಿಂಕ್ ರಾಡ್‌ನ ನಟ್ ಕಲ್ಲಿನಂತೆ ಹಿಡಿದುಕೊಂಡಿದೆ. ಗ್ಯಾಸ್ ಟಾರ್ಚ್‌ನಿಂದ ಕಾಯಿಸಿ ಬಿಚ್ಚಬಹುದೆ? (ಕನ್ನಡಿಗ ಓದುಗರೊಬ್ಬರು, ಒಂಟಾರಿಯೊ, ಕೆನಡಾ)

ಉತ್ತರ: ಲಿಂಕ್ ರಾಡನ್ನು ಹೇಗೂ ಬಿಸಾಡುವುದಾದರೆ ಕಾಯಿಸುವುದಕ್ಕಿಂತ ನಟ್ ಸೀಳುವ ಸಾಧನದಿಂದ ಅಥವಾ ಗ್ರೈಂಡರ್‌ನಿಂದ ಕತ್ತರಿಸುವುದು ಕ್ಷೇಮ. ಬೆಂಕಿ ತಾಗಿದರೆ ನೈಲಾನ್ ಕರಗಿ ಹೊಗೆಯಾಡುತ್ತದೆ, ಪಕ್ಕದ ರಬ್ಬರ್ ಬುಷ್ ಮತ್ತು ಬಾಲ್ ಜಾಯಿಂಟ್‌ನ ರಬ್ಬರ್ ಚೀಲ ಸುಡುತ್ತವೆ. ಉಳಿಸಿಕೊಳ್ಳಬೇಕಾದ 10.9 ಬೋಲ್ಟ್ ಮೇಲೆ ಟಾರ್ಚ್ ಬಿಡಲೇಬೇಡಿ. ಅದರ ಗಡಸುತನ ಕಾಯಿಸಿ ತಣಿಸಿ ಬರಿಸಿದ್ದು, ಕೆಂಪಗೆ ಕಾಯಿಸಿದರೆ ಮೆತ್ತಗಾಗುತ್ತದೆ. ಕಾಯಿಸಿದ ನಟ್, ಕಾಯಿಸಿದ ಬೋಲ್ಟ್ ಎರಡೂ ಮತ್ತೆ ಬಳಕೆಗೆ ಬರುವುದಿಲ್ಲ.

ಪ್ರಶ್ನೆ: ಲೋಯರ್ ಆರ್ಮ್ ಬುಷ್ ಬದಲಾಯಿಸಿದ ಆರೇ ತಿಂಗಳಿಗೆ ರಬ್ಬರ್ ಹರಿಯಿತು. ನಟ್ ಹೊಸದು, ಟಾರ್ಕ್ ರೆಂಚ್‌ನಿಂದಲೇ ಬಿಗಿದದ್ದು. (ಓದುಗರೊಬ್ಬರು, ಹಾಸನ)

ಉತ್ತರ: ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಕೊನೆಯ ಬಿಗಿತ ಕೊಟ್ಟಿರಬೇಕು. ನಟ್ ಬಿಗಿಯಾದ ಕ್ಷಣದಿಂದ ಬುಷ್‌ನ ಒಳಕೊಳವೆ ಬ್ರ್ಯಾಕೆಟ್‌ಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಿದಾಗಲೆಲ್ಲ ಒಳಕೊಳವೆಗೂ ಹೊರಕೊಳವೆಗೂ ನಡುವಿನ ರಬ್ಬರ್ ಮಾತ್ರ ತಿರುಚಿಕೊಳ್ಳಬೇಕು. ಆರ್ಮ್ ಕೆಳಗೆ ಜೋತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದು ಸುಮ್ಮನೆ ನಿಂತಿರುವಾಗಲೂ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಬಟ್ಟೆ ಹಿಂಡಿ ಹಿಡಿದಂತೆ ಹಗಲಿರುಳೂ ಹಾಗೆಯೇ ಇದ್ದರೆ ಅದು ಬಾಳುವುದು ಹೇಗೆ? ಜಾಕ್ ಮೇಲಿರುವಾಗ ನಟ್ಟನ್ನು ನೈಲಾನ್ ದಾಟಿ ಕೂರುವವರೆಗೆ ಮಾತ್ರ ತಿರುಗಿಸಿ. ಕಾರನ್ನು ಚಕ್ರಗಳ ಮೇಲೆ ಇಳಿಸಿ ಒಂದೆರಡು ಸಲ ಅದುಮಿ ಬಿಟ್ಟು, ಬೇಕಿದ್ದರೆ ರ‍್ಯಾಂಪ್ ಮೇಲೆ ಹತ್ತಿಸಿ ಕೊನೆಯ ಟಾರ್ಕ್ ಕೊಡಿ. ಅದಾದ ಮೇಲೆ ವೀಲ್ ಅಲೈನ್‌ಮೆಂಟ್.

ಪ್ರಶ್ನೆ: ಶಾಕ್ ಅಬ್ಸಾರ್ಬರ್‌ನ ಮೇಲಿನ ನಟ್ ಬಿಗಿಯುವಾಗ ರಾಡೂ ಜೊತೆಗೇ ತಿರುಗುತ್ತದೆ. ಏರ್ ಗನ್ ಬಳಸಬಹುದೆ? ಬಿಗಿದ ಮೇಲೆ ಮತ್ತೆ ಪರೀಕ್ಷಿಸುವುದು ಹೇಗೆ? (ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ಸ್ಪ್ರಿಂಗ್ ಕಂಪ್ರೆಸರ್‌ನಿಂದ ಸ್ಪ್ರಿಂಗನ್ನು ಪೂರ್ತಿ ಅದುಮಿ ಹಿಡಿಯದೆ ಆ ನಟ್ಟನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಅದುಮಿದ ಸ್ಪ್ರಿಂಗ್ ಚಿಮ್ಮಿದರೆ ಮುಖಕ್ಕೇ ಬಡಿಯುತ್ತದೆ. ಬಿಗಿಯುವಾಗ ರಾಡ್‌ನ ತುದಿಯಲ್ಲಿರುವ ಷಟ್ಕೋನದ ಗುಳಿಗೆ ಅಲೆನ್ ಕೀ ಕೊಟ್ಟು, ಅಥವಾ ಅಲ್ಲಿ ಚಪ್ಪಟೆ ಕಚ್ಚುಗಳಿದ್ದರೆ ಸಣ್ಣ ಸ್ಪ್ಯಾನರ್ ಕೊಟ್ಟು ಹಿಡಿದುಕೊಂಡು, ನಡುವೆ ತೂತಿರುವ ಸಾಕೆಟ್‌ನಿಂದ ನಟ್ ತಿರುಗಿಸಿ. ಹೊಳೆಯುವ ರಾಡ್‌ನ ಮೈಯನ್ನು ಇಕ್ಕಳದಿಂದ ಹಿಡಿದರೆ ಬೀಳುವ ಗೀರು ಆಯಿಲ್ ಸೀಲನ್ನು ಕೊಯ್ಯುತ್ತದೆ. ಏರ್ ಗನ್‌ನ ಹೊಡೆತಕ್ಕೆ ರಾಡ್ ಒಳಗಿನ ಪಿಸ್ಟನ್ ಜೊತೆ ಗಿರಗಿರನೆ ತಿರುಗುವುದರಿಂದ ಅದೂ ಬೇಡ.

ಎಲ್ಲ ನಟ್‌ಗಳೂ ಬಿಗಿಯಾದ ಮೇಲೆ ಒಂದೊಂದರ ಮೇಲೂ, ಅದರ ಪಕ್ಕದ ಲೋಹದ ಮೇಲೂ ಹಾದುಹೋಗುವಂತೆ ಬಿಳಿ ಪೇಂಟ್ ಪೆನ್‌ನಿಂದ ಒಂದು ನೇರ ಗೆರೆ ಎಳೆಯಿರಿ. 200 ಕಿಲೋಮೀಟರ್ ಓಡಿದ ನಂತರ ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಗೆರೆ ಮುರಿಯದೆ ನೇರವಾಗಿದ್ದರೆ ನಟ್ ತಿರುಗಿಲ್ಲ. ಎಲ್ಲಿ ಮುರಿದಿದೆಯೋ ಆ ನಟ್ಟನ್ನು ಬರಿದೇ ಮತ್ತೆ ಬಿಗಿದು ಸುಮ್ಮನಾಗದೆ, ಬಿಚ್ಚಿ, ಮೇಲ್ಮೈ ನೋಡಿ, ಹೊಸ ನಟ್ ಹಾಕಿ.